ಕತ್ತಲಕೋಣೆಯ ಕಲೆ: ಒಂದು ನೆಗೆಟಿವ್, ಹಲವು ಚಿತ್ರಗಳು

1941ರ ನವೆಂಬರ್ 1ರ ಸಂಜೆ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ನ್ಯೂ ಮೆಕ್ಸಿಕೋ ರಾಜ್ಯದ ಹರ್ನಾಂಡೆಜ್ ಎಂಬ ಹಳ್ಳಿಯ ಬಳಿ ಅವಸರದಿಂದ ಕಾರು ನಿಲ್ಲಿಸಿದರು. ಆಗಸದಲ್ಲಿ ಚಂದ್ರ ಮೂಡಿದ್ದ. ಇಳಿಯುತ್ತಿದ್ದ ಸೂರ್ಯನ ಕೊನೆಯ ಬೆಳಕು ಸ್ಮಶಾನದ ಬಿಳಿಯ ಶಿಲುಬೆಗಳ ಮೇಲೆ ಬಿದ್ದಿತ್ತು. ಬೆಳಕು ಅಳೆಯುವ ಮೀಟರು ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶದ ಪ್ರಮಾಣವನ್ನು ನೆನಪಿನಿಂದಲೇ ಲೆಕ್ಕ ಹಾಕಿ ಅವರು ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಬೆಳಕು ಮಾಯವಾಗಿತ್ತು.

ಆ ಒಂದೇ ನೆಗೆಟಿವ್‌ನಿಂದ ಅವರು ಮುಂದಿನ ದಶಕಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರತಿಗಳನ್ನು ಮುದ್ರಿಸಿದರು. ಆರಂಭದ ಪ್ರತಿಗಳಲ್ಲಿ ಆಕಾಶ ಬೂದುಬಣ್ಣದ್ದು, ಅಲ್ಲಲ್ಲಿ ತೆಳುಮೋಡಗಳುಳ್ಳದ್ದು. ಕೊನೆಯ ವರ್ಷಗಳ ಪ್ರತಿಗಳಲ್ಲಿ ಅದು ಹೆಚ್ಚುಕಡಿಮೆ ಕಡುಗಪ್ಪು. ಪಿಯಾನೋ ವಾದನದಲ್ಲಿ ತರಬೇತಿ ಪಡೆದಿದ್ದ ಆಡಮ್ಸ್ ನೆಗೆಟಿವ್ ಅನ್ನು ಸ್ವರಲಿಪಿಗೂ ಮುದ್ರಿತ ಚಿತ್ರವನ್ನು ಕಛೇರಿಗೂ ಹೋಲಿಸುತ್ತಿದ್ದರು. ನಮ್ಮ ಸಂಗೀತದ ಪರಿಭಾಷೆಯಲ್ಲಿ ಹೇಳುವುದಾದರೆ ಕೃತಿ ಒಂದೇ. ಮನೋಧರ್ಮ ಬೇರೆ ಬೇರೆ. ಕತ್ತಲಕೋಣೆಯ ಕೆಲಸ ಕಲೆಯಾಗುವುದು ಇಲ್ಲಿಯೇ.

ಕೆಲಸದ ಕ್ರಮ

ಎನ್‌ಲಾರ್ಜರ್ ಎಂಬ ಉಪಕರಣವು ನೆಗೆಟಿವ್‌ನ ಮೂಲಕ ಬೆಳಕು ಹಾಯಿಸಿ, ಬೆಳ್ಳಿಯ ಲವಣಗಳನ್ನು ಲೇಪಿಸಿದ ಕಾಗದದ ಮೇಲೆ ಬಿಂಬವನ್ನು ಬೀಳಿಸುತ್ತದೆ. ಬೆಳಕು ತಾಗಿದ ಕಾಗದ ಇನ್ನೂ ಬಿಳಿಯಾಗಿಯೇ ಕಾಣುತ್ತದೆ. ಡೆವಲಪರ್ ದ್ರಾವಣದ ತಟ್ಟೆಯಲ್ಲಿ ಮುಳುಗಿಸಿದಾಗ, ಬೆಳಕು ಬಿದ್ದೆಡೆಯ ಲವಣ ಕಪ್ಪು ಬೆಳ್ಳಿಯಾಗಿ ಮಾರ್ಪಟ್ಟು, ಕೆಂಪು ದೀಪದ ಮಂದ ಬೆಳಕಿನಲ್ಲಿ ಚಿತ್ರ ನಿಧಾನವಾಗಿ ಮೂಡುತ್ತದೆ. ಅನಂತರ ಆಮ್ಲಯುಕ್ತ ಸ್ಟಾಪ್ ಬಾತ್ ಆ ಕ್ರಿಯೆಯನ್ನು ನಿಲ್ಲಿಸುತ್ತದೆ. ಹಳೆಯ ಸ್ಟುಡಿಯೋದವರು ‘ಹೈಪೋ’ ಎಂದು ಕರೆಯುತ್ತಿದ್ದ ಫಿಕ್ಸರ್, ಉಳಿದ ಲವಣವನ್ನು ಕರಗಿಸಿ ತೆಗೆಯುತ್ತದೆ. ಹೈಪೋವಿನ ಈ ಗುಣವನ್ನು ಜಾನ್ ಹರ್ಷೆಲ್ 1819ರಲ್ಲಿಯೇ ಗುರುತಿಸಿದ್ದರು. ಕೊನೆಯದು ತೊಳೆಯುವಿಕೆ. ಇಲ್ಲಿ ಅವಸರ ಸಲ್ಲದು: ಹೈಪೋ ಉಳಿದ ಚಿತ್ರ ಇಂದು ಚೆನ್ನಾಗಿ ಕಂಡರೂ ವರ್ಷಗಳ ಮೇಲೆ ಹಳದಿಗಟ್ಟಿ ಮಾಸುತ್ತದೆ.

ಕಲಿಯುವ ಬಗೆ

ಮೊದಲ ಪಾಠ ಪರೀಕ್ಷಾ ಪಟ್ಟಿ. ಕಾಗದದ ಒಂದು ತುಂಡನ್ನು ರಟ್ಟಿನಿಂದ ಮುಚ್ಚುತ್ತಾ 5, 10, 15, 20 ಸೆಕೆಂಡುಗಳಂತೆ ಬೆಳಕು ಕೊಟ್ಟರೆ ಒಂದೇ ಪಟ್ಟಿಯಲ್ಲಿ ನಾಲ್ಕು ಛಾಯೆಗಳು ದೊರೆಯುತ್ತವೆ. ಅವುಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಗೆ ಗಡಿಯಾರ ಉತ್ತರಿಸಲಾರದು, ಕಣ್ಣೇ ನಿರ್ಧರಿಸಬೇಕು.

ಎರಡನೆಯ ಪಾಠ ಕೈಚಳಕದ್ದು. ಮುಖವೊಂದು ತೀರ ಕಪ್ಪಾಗುತ್ತಿದ್ದರೆ, ತಂತಿಗೆ ಸಿಕ್ಕಿಸಿದ ಪುಟ್ಟ ರಟ್ಟಿನಿಂದ ಆ ಭಾಗಕ್ಕೆ ಕೆಲವು ಸೆಕೆಂಡು ನೆರಳು ಹಿಡಿಯುತ್ತಾರೆ. ಆಕಾಶ ಪೇಲವವಾಗಿದ್ದರೆ ಉಳಿದುದನ್ನು ಅಂಗೈಯಿಂದ ಮರೆಮಾಡಿ ಅಲ್ಲಿಗೆ ಮಾತ್ರ ಹೆಚ್ಚು ಬೆಳಕು ಕೊಡುತ್ತಾರೆ. ಕೈ ಕ್ಷಣವೂ ನಿಶ್ಚಲವಾಗಿರಬಾರದು. ನಿಂತರೆ ಗೆರೆ ಮೂಡುತ್ತದೆ. ಆಡಮ್ಸ್‌ರ ಕಪ್ಪು ಆಕಾಶ ಮುಖ್ಯವಾಗಿ ಹೀಗೆಯೇ ರೂಪುಗೊಂಡದ್ದು. ಪ್ರತಿ ಪ್ರಯತ್ನದ ಕಾಲಾವಧಿಯನ್ನು ಚಿತ್ರದ ಬೆನ್ನ ಮೇಲೆ ಪೆನ್ಸಿಲಿನಿಂದ ಬರೆದಿಡುವ ಅಭ್ಯಾಸ ಒಳ್ಳೆಯದು. ಕೆಟ್ಟುಹೋದ ಪ್ರತಿಗಳೇ ಕಲಿಯುವವರ ಪಠ್ಯಪುಸ್ತಕ.

ಇಂದಿನ ಸ್ಥಿತಿ

ಕೊಡಕ್ ಸಂಸ್ಥೆ 2005ರಲ್ಲಿ ಕಪ್ಪು-ಬಿಳುಪು ಕಾಗದದ ತಯಾರಿಕೆಯನ್ನು ನಿಲ್ಲಿಸಿದಾಗ ಈ ವಿದ್ಯೆ ಮುಗಿಯಿತೆಂದೇ ಹಲವರು ಭಾವಿಸಿದರು. ಆದರೆ ಇಂಗ್ಲೆಂಡಿನ ಇಲ್ಫರ್ಡ್ ಕಾಗದ ಇಂದಿಗೂ ದೊರೆಯುತ್ತದೆ. ನಾವು ನೆಲೆಸಿರುವ ಹಲವು ನಗರಗಳಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಸಾರ್ವಜನಿಕ ಡಾರ್ಕ್‌ರೂಮುಗಳಿವೆ. ಕಿಟಕಿಯಿಲ್ಲದ ಸ್ನಾನದ ಮನೆಯೂ ಆದೀತು. ಗಾಳಿಯಾಡುವ ವ್ಯವಸ್ಥೆ ಮಾತ್ರ ಇರಲೇಬೇಕು. ಬಳಸಿದ ಫಿಕ್ಸರ್‌ನಲ್ಲಿ ಬೆಳ್ಳಿಯ ಅಂಶವಿರುವುದರಿಂದ ಅದನ್ನು ಚರಂಡಿಗೆ ಚೆಲ್ಲದೆ ಸ್ಥಳೀಯ ನಿಯಮದಂತೆ ವಿಲೇವಾರಿ ಮಾಡಬೇಕು.

ಊರಿನ ಮನೆಯ ಟ್ರಂಕಿನಲ್ಲಿ ಅಜ್ಜ-ಅಜ್ಜಿಯರ ಕಾಲದ ನೆಗೆಟಿವ್‌ಗಳಿದ್ದರೆ ಈ ಕಲಿಕೆಗೆ ಮತ್ತೊಂದು ಅರ್ಥ ಬರುತ್ತದೆ. ಅವುಗಳಿಂದ ಪಾಠ ಆರಂಭಿಸಬಾರದು. ಗೀರು ಬಿದ್ದರೆ ಮೂಲ ಮತ್ತೆ ದೊರೆಯದು. ಸ್ವಂತ ನೆಗೆಟಿವ್‌ಗಳಲ್ಲಿ ಕೈ ಪಳಗಿದ ಮೇಲೆ ಅವನ್ನು ಮುಟ್ಟಬಹುದು. ಆಗ ಅಜ್ಜಿಯ ಸೀರೆಯ ಅಂಚು ಎಷ್ಟು ಕಾಣಬೇಕು, ಹಿಂದಿನ ಬಾಗಿಲು ಎಷ್ಟು ಮಸುಕಾಗಬೇಕು ಎಂಬುದನ್ನು ತೀರ್ಮಾನಿಸಬೇಕಾದವರು ಮೊಮ್ಮಕ್ಕಳೇ. ಆ ತೀರ್ಮಾನಕ್ಕೆ ಮುನ್ನ ಆ ಮುಖವನ್ನು ಬಹಳ ಹೊತ್ತು ನೋಡಬೇಕಾಗುತ್ತದೆ.