ಶಾಲೆಯ ಖರ್ಚು ಯಾರದು, ಲಗಾಮು ಯಾರ ಕೈಯಲ್ಲಿ?

ನಮ್ಮ ಜಿಲ್ಲಾ ಸ್ಥಳಗಳಲ್ಲಿ ನೂರು ವರ್ಷಗಳಿಗೂ ಹಳೆಯವಾದ ಹಾಯಸ್ಕೂಲುಗಳು ಅನೇಕವಿರುತ್ತವೆ. ಇಂಥ ಕಟ್ಟಡಗಳ ಗೋಡೆಯ ಕಲ್ಲಿನ ಮೇಲೆ ದಾನಿಗಳ ಹೆಸರನ್ನೂ, ಬಾಗಿಲ ಬಳಿಯಲ್ಲಿ ಅಸ್ತಿಭಾರ ಹಾಕಿದ ಅಧಿಕಾರಿಯ ಹೆಸರನ್ನೂ ಕಾಣುವದು ಸಾಮಾನ್ಯವು. ಇವುಗಳನ್ನು ಓದಿದವರಿಗೆ, ಆ ಶಾಲೆಗಳನ್ನು ಕಟ್ಟಿ ನಡೆಸಿದವರು ಸರಕಾರದವರು ಮತ್ತು ಧನಿಕರು ಇವರಿಬ್ಬರೇ ಎಂಬ ಭಾವನೆಯುಂಟಾಗುವದು ಸಹಜವು. ಆದರೆ ಆಂಗ್ಲರ ಕಾಲದ ಪ್ರೌಢಶಾಲೆಗಳ ಜಮಾಖರ್ಚನ್ನು ಬಿಚ್ಚಿ ನೋಡಿದರೆ, ಅವುಗಳ ಭಾರವನ್ನು ಹೊತ್ತವರಲ್ಲಿ ಇನ್ನಿಬ್ಬರು ಕಾಣಿಸಿಕೊಳ್ಳುತ್ತಾರೆ. ತಿಂಗಳು ತಿಂಗಳು ಫೀ ತೆತ್ತ ಪಾಲಕನು ಒಬ್ಬನು. ಕೈಗೆ ಬರಬಹುದಾಗಿದ್ದ ದೊಡ್ಡ ಸಂಬಳವನ್ನು ಬಿಟ್ಟುಕೊಟ್ಟ ಮಾಸ್ತರನು ಇನ್ನೊಬ್ಬನು. ಇವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಖರ್ಚಿನ ಒಂದು ಪಾಲನ್ನು ಮಾತ್ರ ಕೊಟ್ಟ ಸರಕಾರದ ಕೈಯಲ್ಲಿಯೇ ಲಗಾಮು ಸಂಪೂರ್ಣವಾಗಿದ್ದಿತು. ಈ ವ್ಯವಸ್ಥೆಯು ಹೇಗೆ ಬಂದಿತೆಂಬುದನ್ನು ನಮ್ಮ ವಾಚಕರು ತಿಳಿದಿರುವದು ಅವಶ್ಯವು. ಏಕೆಂದರೆ ಅದರ ಹೆಸರೂ ಚೌಕಟ್ಟೂ ಇಂದಿಗೂ ನಮ್ಮಲ್ಲಿ ಉಳಿದುಕೊಂಡಿವೆ.

1854ನೆಯ ಇಸವಿಯ ಜುಲೈ ತಿಂಗಳಲ್ಲಿ ಸರ್ ಚಾರ್ಲ್ಸ್ ವುಡ್ ಎಂಬವರ ಹೆಸರಿನಿಂದ ಪ್ರಸಿದ್ಧವಾದ ಶಿಕ್ಷಣದ ಆಜ್ಞಾಪತ್ರವು ಲಂಡನದಿಂದ ಹಿಂದುಸ್ಥಾನಕ್ಕೆ ಹೊರಟಿತು. ಪ್ರತಿ ಪ್ರಾಂತದಲ್ಲಿ ಒಂದು ವಿದ್ಯಾಖಾತೆ, ಮುಂಬಯಿ, ಮದ್ರಾಸು, ಕಲಕತ್ತೆಗಳಲ್ಲಿ ಯುನಿವರ್ಸಿಟಿ, ಮತ್ತು ಖಾಸಗಿ ಶಾಲೆಗಳಿಗೆ ಸಹಾಯಧನ — ಇವು ಅದರ ಮುಖ್ಯ ಅಂಶಗಳು. ಸಹಾಯಧನಕ್ಕೆ ಹಾಕಿದ ಕರಾರುಗಳಾದರೂ ಕೆಲವೇ ಇದ್ದವು. ಶಾಲೆಗೆ ಊರಿನ ಯೋಗ್ಯ ಜನರ ಆಡಳಿತವಿರಬೇಕು. ಸರಕಾರದ ಇನಸ್ಪೆಕ್ಟರರ ತಪಾಸಣೆಗೆ ಅದು ಒಪ್ಪಬೇಕು. ವಿದ್ಯಾರ್ಥಿಗಳಿಂದ ಎಷ್ಟೇ ಅಲ್ಪವಾದರೂ ಫೀ ತೆಗೆದುಕೊಳ್ಳಬೇಕು. ಮತದ ಬೋಧನೆಯ ವಿಷಯದಲ್ಲಿ ಸರಕಾರವು ಕೈ ಹಾಕದು. ಮುಂದೊಂದು ದಿನ ಸರಕಾರಿ ಶಾಲೆಗಳನ್ನೇ ಊರಿನವರ ಆಡಳಿತಕ್ಕೆ ಒಪ್ಪಿಸಿಬಿಡಬಹುದೆಂಬ ಆಶೆಯೂ ಆ ಪತ್ರದಲ್ಲಿದ್ದಿತು. ಓದಲಿಕ್ಕೆ ಇದು ಉದಾರವಾಗಿಯೇ ತೋರುತ್ತದೆ. ಆದರೆ ಇದರಲ್ಲಿ ಉದಾರತೆಯೊಡನೆ ಮಿತವ್ಯಯದ ಲೆಕ್ಕಾಚಾರವೂ ಇದ್ದಿತೆಂಬುದನ್ನು ಮರೆಯಲಾಗದು. ಸರಕಾರವು ತಾನೇ ಶಾಲೆಯನ್ನು ಕಟ್ಟಿದರೆ ಖರ್ಚೆಲ್ಲವೂ ಅದರ ಮೇಲೆ ಬೀಳುವದು. ಊರಿನವರು ಕಟ್ಟಿದ ಶಾಲೆಗೆ ಗ್ರಾಂಟು ಕೊಟ್ಟರೆ ಒಂದು ಪಾಲಿನಿಂದಲೇ ಕಾರ್ಯವಾಗುವದು.

ಲಾರ್ಡ್ ರಿಪನ್ ಅವರು 1882ರಲ್ಲಿ ನೇಮಿಸಿದ ಹಂಟರ್ ಕಮಿಶನ್ನು ಇದೇ ಧೋರಣೆಯನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಪ್ರೌಢಶಿಕ್ಷಣದ ಕ್ಷೇತ್ರದಿಂದ ಸರಕಾರವು ಮೆಲ್ಲಗೆ ಹಿಂದೆ ಸರಿದು ಅದನ್ನು ಖಾಸಗಿ ಪ್ರಯತ್ನಕ್ಕೆ ಬಿಡಬೇಕೆಂದೂ, ನೆರೆಯ ಸರಕಾರಿ ಶಾಲೆಯಷ್ಟು ಹೆಚ್ಚಿನ ಫೀಯನ್ನು ಸಹಾಯಧನದ ಶಾಲೆಗಳು ತೆಗೆದುಕೊಳ್ಳಬೇಕೆಂಬ ಕಟ್ಟಾಯವಿರಬಾರದೆಂದೂ ಅದು ಶಿಫಾರಸು ಮಾಡಿತು. ಇದರ ಪರಿಣಾಮವು ಅಂಕಿಗಳಲ್ಲಿಯೇ ಕಾಣುತ್ತದೆ. 1882ರ ಸುಮಾರಿಗೆ ಬ್ರಿಟಿಶ್ ಹಿಂದುಸ್ಥಾನದಲ್ಲಿ 3,900ರಷ್ಟು ಪ್ರೌಢಶಾಲೆಗಳಿದ್ದು, ಅವುಗಳಲ್ಲಿ ಎರಡು ಲಕ್ಷಕ್ಕೆ ಸ್ವಲ್ಪ ಮೇಲ್ಪಟ್ಟು ವಿದ್ಯಾರ್ಥಿಗಳಿದ್ದರು. 1902ರ ಹೊತ್ತಿಗೆ ಶಾಲೆಗಳು 5,100ನ್ನು ದಾಟಿದವು, ವಿದ್ಯಾರ್ಥಿಗಳು ಆರು ಲಕ್ಷಕ್ಕೆ ಸಮೀಪಿಸಿದರು. ಈ ಬೆಳೆವಣಿಗೆಯಲ್ಲಿ ದೊಡ್ಡ ಪಾಲು ನಮ್ಮ ಜನರ ಸ್ವಂತ ಪ್ರಯತ್ನದ್ದಾಗಿದ್ದಿತು.

ಗ್ರಾಂಟು ಕೊಡುವ ರೀತಿಯು ಪ್ರಾಂತಕ್ಕೊಂದು ತೆರನಾಗಿದ್ದಿತು. ಮದ್ರಾಸಿನಲ್ಲಿ ಮಾಸ್ತರರ ಸಂಬಳದ ಒಂದು ಭಾಗವನ್ನು ಸರಕಾರವು ಕೊಡುತ್ತಿತ್ತು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಸೀಮೆಗಳು ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಪರೀಕ್ಷೆಯ ಫಲವನ್ನು ನೋಡಿ ಹಣ ಕೊಡುವ ಪದ್ಧತಿಯು ಬಹುಕಾಲ ನಡೆಯಿತು. ಇನಸ್ಪೆಕ್ಟರನು ಬಂದು ಹುಡುಗರನ್ನು ಪರೀಕ್ಷಿಸುವನು. ತೇರ್ಗಡೆಯಾದ ತಲೆಗಳನ್ನು ಎಣಿಸಿ ಶಾಲೆಗೆ ಹಣ ಸಿಗುವದು. ಧಾನ್ಯವನ್ನು ಅಳೆದು ಬೆಲೆ ಕಟ್ಟಿದಂತೆ ವಿದ್ಯೆಯನ್ನು ಅಳೆದರೆ ಆಗುವ ಅನರ್ಥವನ್ನು ಊಹಿಸಲು ಹೆಚ್ಚು ಬುದ್ಧಿಯೇನೂ ಬೇಕಿಲ್ಲ. ಪರೀಕ್ಷೆಗೆ ಬೇಕಾದುದನ್ನು ಬಾಯಿಪಾಠ ಮಾಡಿಸುವದೇ ಪಾಠವೆನಿಸಿತು. ಮಂದಮತಿಯಾದ ಹುಡುಗನು ಶಾಲೆಗೆ ನಷ್ಟದ ಬಾಬತ್ತಾದನು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸರಕಾರವೇ ಈ ಪದ್ಧತಿಯನ್ನು ಕೈಬಿಟ್ಟಿತಾದರೂ, ಅದು ಹಾಕಿಕೊಟ್ಟ ಚಾಳಿಯು ಶಾಲೆಗಳನ್ನು ಬಿಡಲಿಲ್ಲ.

ಇನ್ನು ಫೀಯ ಮಾತು. ಫೀ ಕಡ್ಡಾಯವೆಂದ ಮೇಲೆ, ಹೊಲವನ್ನೇ ನಂಬಿದ ರೈತನ ಮಗನೂ ಕೂಲಿಕಾರನ ಮಗನೂ ಹಾಯಸ್ಕೂಲಿನ ಮೆಟ್ಟಿಲು ಹತ್ತುವದು ದುಸ್ತರವೇ ಆಯಿತು. ಎಷ್ಟೋ ಊರುಗಳಲ್ಲಿ ಬಡ ವಿದ್ಯಾರ್ಥಿಗಳು ವಾರಾನ್ನದ ಮನೆಗಳಲ್ಲಿ ಉಂಡು, ಮಠಗಳ ಪ್ರಸಾದದಿಂದಲೂ ಉಚಿತ ವಿದ್ಯಾರ್ಥಿನಿಲಯಗಳ ಆಶ್ರಯದಿಂದಲೂ ಓದಿ ಮುಂದೆ ಬಂದರು. ಶಾಲೆಯ ಲೆಕ್ಕದಲ್ಲಿ ಈ ಅನ್ನದ ಬೆಲೆಯನ್ನು ಯಾರೂ ಬರೆದಿಡಲಿಲ್ಲ.

ಆದರೆ ಎಲ್ಲಕ್ಕಿಂತ ಹೆಚ್ಚಿನ ವಂತಿಗೆಯು ಮಾಸ್ತರರದು. 1880ರಲ್ಲಿ ಪುಣೆಯಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರೂ ಬಾಳ ಗಂಗಾಧರ ಟಿಳಕರೂ ಕೂಡಿ ನ್ಯೂ ಇಂಗ್ಲಿಶ್ ಸ್ಕೂಲನ್ನು ತೆರೆದರು. ಗೋಪಾಳರಾವ ಆಗರಕರರು ಬೇಗನೆ ಅವರನ್ನು ಕೂಡಿಕೊಂಡರು. 1884ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯು ಸ್ಥಾಪಿತವಾಯಿತು. ಅದರ ಆಜೀವ ಸದಸ್ಯರು ಇಪ್ಪತ್ತು ವರ್ಷ ಅಲ್ಪ ವೇತನದ ಮೇಲೆ ದುಡಿಯುವ ವಚನವನ್ನಿತ್ತರು. ಮುಂದೆ ರಾಷ್ಟ್ರದ ನಾಯಕರಾದ ಗೋಪಾಳ ಕೃಷ್ಣ ಗೋಖಲೆಯವರು ತಿಂಗಳಿಗೆ 75 ರೂಪಾಯಿಗಳ ಸಂಬಳದಲ್ಲಿ ಅಲ್ಲಿ ಸೇವೆ ಸಲ್ಲಿಸಿದುದು ಸರ್ವವಿದಿತವು. ಸರಕಾರಿ ನೌಕರಿಗೋ ವಕೀಲಿಗೋ ಹೋಗಿದ್ದರೆ ಇಂಥವರಿಗೆ ಅದರ ಎಷ್ಟೋ ಪಾಲು ಹೆಚ್ಚು ದೊರೆಯುತ್ತಿತ್ತು.

ಕನ್ನಡಿಗರೂ ಈ ಮಾರ್ಗದಲ್ಲಿ ಹಿಂದೆ ಬೀಳಲಿಲ್ಲ. 1891ರಲ್ಲಿ ಮಂಗಳೂರಿನ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಾಯಸ್ಕೂಲನ್ನು ತೆರೆದು, ಕೆಲವೇ ವರ್ಷಗಳಲ್ಲಿ ಹೆಣ್ಣುಮಕ್ಕಳಿಗಾಗಿಯೂ ಶಾಲೆಯನ್ನು ಮಾಡಿದರು. 1916ನೆಯ ಇಸವಿ ನವಂಬರ 13ರಂದು ಬೆಳಗಾವಿಯಲ್ಲಿ ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಏಳು ಮಂದಿ ತರುಣ ಶಿಕ್ಷಕರು ಒಂದು ಆಂಗ್ಲೋ-ವರ್ನಾಕ್ಯುಲರ್ ಶಾಲೆಯಿಂದ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಕಾರ್ಯವನ್ನಾರಂಭಿಸಿದರು. ಅವರನ್ನು ಜನರು ಸಪ್ತರ್ಷಿಗಳೆಂದು ಕರೆದುದು ಉಚಿತವೇ ಆಗಿದೆ. ಆ ಶಾಲೆಯು ಗಿಲಗಂಚಿ ಮತ್ತು ಅರಟಾಳ ಮನೆತನಗಳ ಹೆಸರನ್ನು ಹೊತ್ತು ಹಾಯಸ್ಕೂಲಾಯಿತು. 1933ರಲ್ಲಿ ಶಿರಸಂಗಿಯ ಲಿಂಗರಾಜ ದೇಸಾಯಿಯವರ ಹೆಸರಿನ ಕಾಲೇಜೂ ಹುಟ್ಟಿತು. ದಾನಿಗಳ ಔದಾರ್ಯವು ಸ್ಮರಣೀಯವೇ ಸರಿ. ಆದರೆ ದಾನವು ಕಟ್ಟಡವಾಗಿ ನಿಂತಿತು. ಕಟ್ಟಡವು ಶಾಲೆಯಾಗಿ ನಡೆದುದು ಶಿಕ್ಷಕರ ತ್ಯಾಗದಿಂದ.

ಹೀಗೆ ಭಾರವನ್ನು ಹೊತ್ತವರು ಹಲವರು. ಲಗಾಮು ಯಾರದಾಗಿದ್ದಿತು? 1904ರಲ್ಲಿ ಲಾರ್ಡ್ ಕರ್ಝನ್ ಅವರ ಸರಕಾರವು ಹೊರಡಿಸಿದ ಶಿಕ್ಷಣ ನಿರ್ಣಯ ಮತ್ತು ಅದೇ ವರ್ಷದ ಯುನಿವರ್ಸಿಟಿ ಕಾಯಿದೆ, ಇವುಗಳ ತರುವಾಯ ಶಾಲೆಗಳ ಮಾನ್ಯತೆಯ ಹಿಡಿತವು ಬಿಗಿಯಾಯಿತು. ಗ್ರಾಂಟು ಬೇಡವೆಂದ ಶಾಲೆಯೂ ಮಾನ್ಯತೆಯಿಲ್ಲದೆ ತನ್ನ ಹುಡುಗರನ್ನು ಮೆಟ್ರಿಕ್ಯುಲೇಶನ್ ಪರೀಕ್ಷೆಗೆ ಕಳಿಸುವಂತಿರಲಿಲ್ಲ. ಮರುವರ್ಷವೇ ಈ ಹಿಡಿತದ ನಿಜವಾದ ಅರ್ಥವು ಬಯಲಾಯಿತು. 1905ರ ಅಕ್ಟೋಬರದಲ್ಲಿ, ವಂಗಭಂಗದ ಚಳವಳದ ಕಾಲದಲ್ಲಿ, ಬಂಗಾಲ ಸರಕಾರದ ಕಾರ್ಯದರ್ಶಿ ಕಾರ್ಲೈಲ್ ಎಂಬವರ ಸುತ್ತೋಲೆಯು ಹೊರಟಿತು. ವಿದ್ಯಾರ್ಥಿಗಳು ಸ್ವದೇಶೀ ಚಳವಳದಲ್ಲಿ ಸೇರಿದರೆ ಅವರ ಶಾಲೆಯ ಗ್ರಾಂಟೂ ವಿದ್ಯಾರ್ಥಿವೇತನಗಳೂ ಮಾನ್ಯತೆಯೂ ಹೋಗುವವೆಂಬ ಬೆದರಿಕೆಯು ಅದರಲ್ಲಿದ್ದಿತು. ವಿದ್ಯೆಗೆಂದು ಕೊಟ್ಟ ಹಣವು ಬಾಯಿಗೆ ಹಾಕಿದ ಬೀಗವಾಯಿತು. 1906ರಲ್ಲಿ ಕಲಕತ್ತೆಯಲ್ಲಿ ರಾಷ್ಟ್ರೀಯ ಶಿಕ್ಷಣ ಪರಿಷತ್ತು ಹುಟ್ಟಿದುದು ಇದಕ್ಕೆ ಉತ್ತರವಾಗಿ. 1920ರ ಅಸಹಕಾರದ ಕಾಲಕ್ಕೆ ದೇಶದಾದ್ಯಂತ ರಾಷ್ಟ್ರೀಯ ಶಾಲೆಗಳು ತೆರೆಯಲ್ಪಟ್ಟವು. ಅವುಗಳಲ್ಲಿ ಬಹಳಷ್ಟು ಬಾಳಲಿಲ್ಲ. ಕಾರಣವು ಉತ್ಸಾಹದ ಕೊರತೆಯಷ್ಟೇ ಅಲ್ಲ. ಮೆಟ್ರಿಕ್ಕಿನ ಮುದ್ರೆಯಿಲ್ಲದ ಹುಡುಗನಿಗೆ ಕಾಲೇಜೂ ಇಲ್ಲ, ಕಚೇರಿಯೂ ಇಲ್ಲವೆಂಬ ಭಯವು ಪಾಲಕರನ್ನು ಹಿಂದಕ್ಕೆಳೆಯಿತು. ಪ್ರೌಢಶಿಕ್ಷಣವೆಲ್ಲವೂ ಮೆಟ್ರಿಕ್ಯುಲೇಶನ್ನಿನ ಅಧೀನವಾಗಿದೆಯೆಂದು 1929ರಲ್ಲಿ ಹಾರ್ಟಾಗ್ ಕಮಿಟಿಯೇ ಬರೆಯಬೇಕಾಯಿತು.

ನ್ಯಾಯವಾಗಿ ಹೇಳುವದಾದರೆ, ತಪಾಸಣೆಯಿಂದ ಹಿತವೂ ಆಯಿತು. ಲೆಕ್ಕಪತ್ರಗಳನ್ನು ಶಿಸ್ತಿನಿಂದ ಇಡುವದು, ತರಬೇತಿಯಾದ ಶಿಕ್ಷಕರನ್ನು ನೇಮಿಸುವದು, ಗಾಳಿ ಬೆಳಕುಗಳುಳ್ಳ ಕೋಣೆಗಳನ್ನು ಕಟ್ಟುವದು — ಇವು ಇನಸ್ಪೆಕ್ಟರರ ಅಂಜಿಕೆಯಿಂದಲೇ ಎಷ್ಟೋ ಶಾಲೆಗಳಲ್ಲಿ ಬಂದವು. ಸಾರ್ವಜನಿಕರ ಹಣವನ್ನು ತೆಗೆದುಕೊಂಡವನು ಲೆಕ್ಕ ಕೊಡತಕ್ಕದ್ದೇ. ಲೆಕ್ಕ ಕೇಳುವ ಅಧಿಕಾರವನ್ನು ವಿಚಾರವನ್ನು ಕಟ್ಟುವ ಅಧಿಕಾರವನ್ನಾಗಿ ಮಾಡಿದುದೇ ಅನ್ಯಾಯವು.

1947ರಲ್ಲಿ ಆಳುವವರು ಬದಲಾದರು. ಅನುದಾನವೆಂಬ ವ್ಯವಸ್ಥೆಯು ಮುಂದುವರಿಯಿತು. ಸ್ವತಂತ್ರ ಸರಕಾರವು ಅನುದಾನಿತ ಶಾಲೆಗಳ ಶಿಕ್ಷಕರಿಗೆ ಮರ್ಯಾದೆಯ ಸಂಬಳವನ್ನು ಕೊಡುವಂತಾದುದು ದೊಡ್ಡ ಸುಧಾರಣೆಯು. ಆದರೂ 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಹದಿನಾಲ್ಕನೆಯ ವಯಸ್ಸಿಗೇ ನಿಲ್ಲುತ್ತದೆ. ಎಂಟನೆಯ ತರಗತಿಯ ಮುಂದೆ ಬಡವನ ಮಗನಿಗೆ ಇಂದಿಗೂ ಆ ಹಕ್ಕಿನ ಆಸರೆಯಿಲ್ಲ. ಅನುದಾನವಿಲ್ಲದ ಕನ್ನಡ ಶಾಲೆಗಳಲ್ಲಿ ಅಲ್ಪ ಸಂಬಳಕ್ಕೆ ದುಡಿಯುವ ಶಿಕ್ಷಕರು ಈಗಲೂ ಇದ್ದಾರೆ. ಮೊದಲಿನವರು ಸ್ವೇಚ್ಛೆಯಿಂದ ಮಾಡಿದ ತ್ಯಾಗವನ್ನು ಇವರಿಂದ ನಿರುಪಾಯದ ನಿಯಮವೆಂಬಂತೆ ಪಡೆಯುವದು ನಾಚಿಕೆಗೇಡು.

ಆದುದರಿಂದ ಸರಕಾರದ ಅಧಿಕಾರಿಗಳಿಗೂ ಊರಿನ ಶ್ರೀಮಂತರಿಗೂ ನಮ್ಮ ವಿನಂತಿಯು ಇಷ್ಟೇ: ಹಣದ ಲೆಕ್ಕವನ್ನು ಕಟ್ಟುನಿಟ್ಟಾಗಿ ಕೇಳಿರಿ, ಪಾಠದ ಸ್ವಾತಂತ್ರ್ಯವನ್ನು ಶಿಕ್ಷಕನಿಗೆ ಬಿಡಿರಿ, ಮತ್ತು ಅವನ ಹೊಟ್ಟೆಯನ್ನು ಶಾಲೆಯ ಬೊಕ್ಕಸವನ್ನಾಗಿ ಮಾಡಬೇಡಿರಿ. ಕಲ್ಲಿನ ಮೇಲೆ ಅವನ ಹೆಸರನ್ನು ಕೆತ್ತಿಸದಿದ್ದರೂ ಸಾಗುವದು. ತಿಂಗಳ ಮೊದಲನೆಯ ತಾರೀಖಿಗೆ ಅವನ ಸಂಬಳವು ತಪ್ಪದಿರಲಿ.