ಸೂರ್ಯನ ಕುದುರೆಯ ಬಾಲ್ಯ

ಕೋಲ್ಕತ್ತ ನಗರದ ಪಾರ್ಕ್ ಸ್ಟ್ರೀಟಿನ ಮೊದಲಲ್ಲಿಯೇ ಏಷಿಯಾಟಿಕ್ ಸೊಸೈಟಿಯ ಭವನವಿದೆ. 1814ರಲ್ಲಿ ಆ ಸಂಸ್ಥೆಯು ಸ್ಥಾಪಿಸಿದ ವಸ್ತುಸಂಗ್ರಹಾಲಯವೇ ಬೆಳೆದು, ಸಮೀಪದ ಚೌರಂಗಿಯಲ್ಲಿರುವ ಇಂಡಿಯನ್ ಮ್ಯೂಸಿಯಂ ಆಯಿತು. ಅಲ್ಲಿ ಕೆಲಸಮಾಡಿದ ಜೇಮ್ಸ್ ವುಡ್-ಮೇಸನ್ ಎಂಬ ವಿದ್ವಾಂಸರು ಒಂದು ಕೀಟವರ್ಗದ ವಿವರವಾದ ಪಟ್ಟಿಯನ್ನು 1889 ಮತ್ತು 1891ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದರು. ಮುಂಗಾಲುಗಳನ್ನು ಕೈಮುಗಿದಂತೆ ಮಡಿಸಿಕೊಂಡು ನಮ್ಮ ತೋಟದ ಗಿಡಗಳ ಮೇಲೆ ಕುಳಿತಿರುವ ಸೂರ್ಯನ ಕುದುರೆಯು ಆ ವರ್ಗಕ್ಕೆ ಸೇರಿದುದು. ಸೂಜಿ ಚುಚ್ಚಿಟ್ಟ ಕೀಟವು ತನ್ನ ರೂಪವನ್ನಷ್ಟೇ ತಿಳಿಸುತ್ತದೆ. ಅದು ಬೆಳೆದ ಬಗೆಯನ್ನರಿಯಲು ಜೀವಂತ ಮರಿಯನ್ನೇ ನೋಡಬೇಕು.

ತಾಯಿಯು ಕಡ್ಡಿಯ ಮೇಲೆ ನೊರೆಯನ್ನು ಸ್ರವಿಸಿ ಅದರೊಳಗೆ ಮೊಟ್ಟೆಗಳನ್ನಿಡುತ್ತದೆ. ನೊರೆಯು ಒಣಗಿ ಗಟ್ಟಿಯಾದ ಗೂಡಾಗುತ್ತದೆ. ಚಿಟ್ಟೆಗಿರುವಂತೆ ಇದಕ್ಕೆ ಕಂಬಳಿಹುಳುವಿನ ಅವಸ್ಥೆಯಿಲ್ಲ, ಕೋಶದ ಅವಸ್ಥೆಯೂ ಇಲ್ಲ. ಮರಿಯು ಆರಂಭದಿಂದಲೇ ತಾಯಿಯನ್ನು ಹೋಲುತ್ತದೆ. ರೆಕ್ಕೆಗಳು ಮಾತ್ರ ಇರುವುದಿಲ್ಲ.

ನಮ್ಮ ದೇಹಕ್ಕೆ ಆಧಾರವಾದ ಎಲುಬುಗಳು ಒಳಗಿವೆ. ಕೀಟಕ್ಕಾದರೋ ಹೊರಗಿನ ಕವಚವೇ ಆಧಾರ. ಗಟ್ಟಿಯಾದ ಆ ಕವಚವು ದೇಹದೊಡನೆ ಬೆಳೆಯಲಾರದು. ಕಳೆದ ವರ್ಷದ ಅಂಗಿ ಬಿಗಿಯಾದರೆ ನಾವು ಹೊಸದನ್ನು ಹೊಲಿಸುತ್ತೇವೆ; ಮರಿಯು ಹಳೆಯ ಕವಚದೊಳಗೇ ಹೊಸದನ್ನು ಸಿದ್ಧಪಡಿಸಿಕೊಂಡು ಹಳೆಯದನ್ನು ಕಳಚುತ್ತದೆ. ಇದೇ ಪೊರೆ ಬಿಡುವುದು. ಜಾತಿಗನುಸಾರವಾಗಿ ಸಾಮಾನ್ಯವಾಗಿ ಆರರಿಂದ ಒಂಬತ್ತು ಬಾರಿ ಹೀಗೆ ನಡೆಯುತ್ತದೆ.

ಪೊರೆ ಬಿಡುವ ಮುನ್ನ ಮರಿಯು ಆಹಾರವನ್ನು ತ್ಯಜಿಸಿ, ಕಡ್ಡಿಗೆ ತಲೆಕೆಳಗಾಗಿ ಜೋತುಬೀಳುತ್ತದೆ. ಬೆನ್ನಿನ ಮೇಲೆ ಕವಚವು ಸೀಳುತ್ತದೆ. ದೇಹವು ತನ್ನ ಭಾರದ ನೆರವಿನಿಂದಲೇ ಮೆಲ್ಲಮೆಲ್ಲನೆ ಕೆಳಗೆ ಜಾರಿ ಹೊರಬರುತ್ತದೆ. ಆಗ ಅದರ ಮೈ ಬಲು ಮೃದು. ಕೆಳಗೆ ಬಿದ್ದರೆ ಕಾಲುಗಳು ಸೊಟ್ಟಗಾಗಿಯೇ ಗಟ್ಟಿಯಾಗಬಹುದು, ಪ್ರಾಣವೂ ಹೋಗಬಹುದು. ನಾವೇ ಒಮ್ಮೆ ಹೀಗೆ ತೂಗುತ್ತಿದ್ದ ಮರಿಯೊಂದಕ್ಕೆ ರೋಗ ತಗುಲಿದೆಯೆಂದು ಭಾವಿಸಿ, ಕನಿಕರದಿಂದ ಬಿಡಿಸಿ ಅಂಗೈಯಲ್ಲಿಟ್ಟುಕೊಂಡೆವು. ಅದು ಬದುಕಲಿಲ್ಲ.

ಮರಿಯ ಕಾಲೊಂದು ಕಳೆದುಹೋದರೆ ಮುಂದಿನ ಪೊರೆಗಳಲ್ಲಿ ಅದು ಸ್ವಲ್ಪಸ್ವಲ್ಪವಾಗಿ ಮರಳಿ ಬೆಳೆಯಬಲ್ಲುದು. ಕೊನೆಯ ಅವಸ್ಥೆಗಳಲ್ಲಿ ಬೆನ್ನಿನ ಮೇಲೆ ರೆಕ್ಕೆಯ ಮೊಗ್ಗುಗಳು ಕಾಣುತ್ತವೆ. ಕಡೆಯ ಪೊರೆ ಕಳಚಿದಾಗ ಅವು ಅರಳಿ ರೆಕ್ಕೆಗಳಾಗುತ್ತವೆ. ಬಳಿಕ ಪೊರೆ ಬಿಡುವುದೂ ಇಲ್ಲ, ಕಳೆದುಹೋದ ಕಾಲು ಮರಳುವುದೂ ಇಲ್ಲ.

ಆದುದರಿಂದ ಬಾಲಮಿತ್ರರೇ, ತಲೆಕೆಳಗಾಗಿ ನಿಶ್ಚಲವಾಗಿ ತೂಗುವ ಮರಿಯನ್ನು ಕಂಡಾಗ ಮುಟ್ಟದಿರೋಣ, ಕಡ್ಡಿಯನ್ನು ಅಲುಗಿಸದಿರೋಣ. ದೂರದಲ್ಲಿ ನಿಂತು ನೋಡೋಣ. ಆ ಹೊತ್ತಿನಲ್ಲಿ ಅದಕ್ಕೆ ನಾವು ಮಾಡಬಹುದಾದ ಉಪಕಾರವು ಅದೊಂದೇ.