ಹೆಂಚು ನೋಡಿದ್ರಾ, ಅಂಗಳ ನೋಡಿದ್ರಾ?



ಮನೆಯ ಹೊರಗಿನ ಅಂದ ಎಂದಕೂಡಲೇ ಪೇಂಟು ನೆನಪಾಗುತ್ತದೆ. ಅದಕ್ಕಾಗಿ ಸಂಘದಲ್ಲಿ ಸಾಲ ಎತ್ತಿ ಎಂದು ನಾವು ಹೇಳುವುದಿಲ್ಲ. ಮೊದಲು ತಲೆ ಎತ್ತಿ ಹೆಂಚು ನೋಡಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಸಿಪ್ಪೆ ಸಮೇತ 8ರಿಂದ 12 ತಿಂಗಳು ಅಟ್ಟದ ಮೇಲೆ ಇಡುತ್ತೇವೆ. ಆ ಅಟ್ಟ ಇರೋದು ಹೆಂಚಿನ ಕೆಳಗೇ ತಾನೆ? ಒಂದು ಹೆಂಚು ಒಡೆದು ಮಳೆನೀರು ತೊಟ್ಟಿಕ್ಕಿದರೆ ಕಾಯಿ ಕೊಳೆಯುತ್ತದೆ, ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ. ಅಂಥದಕ್ಕೆ ಮಾರ್ಕೆಟ್ಟಿನಲ್ಲಿ ಯಾರು ಒಳ್ಳೇ ರೇಟು ಕೊಡ್ತಾರೆ? ವರ್ಷವಿಡೀ ಕಾದದ್ದು ಒಂದು ಹೆಂಚಿನಿಂದ ಹೋಯ್ತು! ಮುಂಗಾರಿಗೆ ಮುಂಚೆಯೇ ಹೆಂಚು ಕೈಯಾಡಿಸಿ.

ಇನ್ನು ಅಂಗಳ. ಕೊಬ್ಬರಿ ಒಡೆದ ಮೇಲೆ ಚಿಪ್ಪು ಗೋಡೆ ಪಕ್ಕದಲ್ಲೇ ಬಿದ್ದಿರುತ್ತದೆ. ಅದರಲ್ಲಿ ನಿಂತ ನೀರು ಡೆಂಗಿ, ಚಿಕೂನ್‌ಗುನ್ಯ ಹರಡುವ ಸೊಳ್ಳೆಗೆ ಸಾಕು. ವಾರ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ಇದು ಕಚ್ಚುವುದು ಹಗಲು ಹೊತ್ತು. 2006ರಲ್ಲಿ ರಾಜ್ಯದಲ್ಲಿ ಚಿಕೂನ್‌ಗುನ್ಯ ಹಬ್ಬಿದಾಗ ಕೀಲುನೋವಿನಿಂದ ಕೂಲಿಗೆ ಹೋಗಲಾಗದೆ ಕುಳಿತವರು ಎಷ್ಟು ಮಂದಿ! ಚಿಪ್ಪನ್ನು ಚೀಲಕ್ಕೆ ತುಂಬಿ ಒಳಗಿಡಿ, ಇದ್ದಿಲು ಮಾಡುವವರು ಕೊಳ್ಳುತ್ತಾರೆ. ಆಗದಿದ್ದರೆ ಬೋರಲು ಹಾಕಿ.

ಗೋಡೆಗೆ ಸುಣ್ಣ, ಹಬ್ಬಕ್ಕೆ ಬಳಿದರಾಯ್ತು.